ಗದ್ದ ಹಿಡಿದು ಕೇಳಿದ ಮಾತು

ಹೋದ ತಿಂಗಳು ನಮ್ಮ ಶಾಲೆಯ ಗಣಿತದ ಮೇಡಂಗೆ ವರ್ಗವಾಯಿತು. ಬೀಳ್ಕೊಡುವ ದಿನ ನನಗೂ ಎರಡು ಮಾತಾಡಿ ಎಂದರು. ಕನ್ನಡ ಪಾಠ ಹೇಳಿ ಹೇಳಿ ತಲೆ ಬೆಳ್ಳಗಾದವಳು ನಾನು. ಕುರುಗೋಡಿನ ನಮ್ಮ ಹೈಸ್ಕೂಲಿನಲ್ಲಿ ಮೈಕು ನನ್ನ ಕೈಗೆ ಬಂತೆಂದರೆ ಮಕ್ಕಳು ಗೋಡೆಗೆ ಒರಗಿ ಆರಾಮಾಗಿ ಕೂರುತ್ತಾರೆ, ಬೇಗ ಮುಗಿಯುವುದಿಲ್ಲ ಎಂದು ಅವರಿಗೆ ಗೊತ್ತು. ಅವತ್ತು ಮಾತ್ರ, “ಒಳ್ಳೆಯ ಹುಡುಗಿ, ಚೆನ್ನಾಗಿ ಪಾಠ ಮಾಡುತ್ತಿದ್ದಳು, ಎಲ್ಲಿದ್ದರೂ ಸುಖವಾಗಿರಲಿ” ಎಂದಷ್ಟೇ ಹೇಳಿ ಕೂತುಬಿಟ್ಟೆ. ನನಗೆ ಬಿಪಿ ಏರಿದೆ ಎಂದುಕೊಂಡು ಹೆಡ್‌ಮಾಸ್ತರು ನೀರು ತರಿಸಿದರು.

ಬಿಪಿಯೂ ಇಲ್ಲ, ಮಣ್ಣೂ ಇಲ್ಲ. ಅವಳ ಬಗ್ಗೆ ನಿಜ ಹೇಳಬೇಕೆಂದರೆ ನನ್ನ ಬಗ್ಗೆಯೂ ಹೇಳಬೇಕಾಗುತ್ತಿತ್ತು, ಅಷ್ಟು ಜನರ ಮುಂದೆ ಧೈರ್ಯ ಬರಲಿಲ್ಲ. ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಫೋಟೋಕ್ಕೆ ನಿಲ್ಲು ಎಂದರೇ ಹಿಂದಿನ ಸಾಲಿಗೆ ಓಡುತ್ತಿದ್ದ ಹುಡುಗಿ, ಹೆಸರು ಬರೆದು ಮುಂದಿನ ಸಾಲಿಗೆ ಎಳೆದು ತರುವುದು ನನಗೆ ಬೇಡ.

ಐದು ವರ್ಷದ ಕೆಳಗೆ, ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಳು. ಎಡಗೈಯನ್ನು ಗದ್ದಕ್ಕೆ ಆನಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಒಂದು ಸ್ಟಾಪು ಹೋಯಿತು, ಎರಡು ಹೋಯಿತು, ಕೈ ಇಳಿಯಲಿಲ್ಲ. ನನಗೆ ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸದಿದ್ದರೆ ಅನ್ನ ಅರಗುವುದಿಲ್ಲ. ಕೇಳಿಯೇಬಿಟ್ಟೆ.

“ಏನವ್ವ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?”

“ಆರಾಮ ಅದಾರ್ರಿ. ಯಾಕ್ರಿ?”

“ಮತ್ತ ಹಿಂಗ್ಯಾಕ ಕುಂತೀ, ಯಾರೋ ಹೋದವರಂಗ?”

ಅವಳು ಕೈ ತೆಗೆಯದೆಯೇ ನಕ್ಕಳು. ನಗುವಾಗ ಬೆರಳುಗಳನ್ನು ಇನ್ನೂ ಸ್ವಲ್ಪ ಮೇಲಕ್ಕೆ, ತುಟಿಯ ತನಕ ಸರಿಸಿದಳು. ಇಬ್ಬರೂ ಒಂದೇ ಶಾಲೆಯ ಮುಂದೆ ಇಳಿದೆವು. ಹೊಸದಾಗಿ ಬಂದ ಗಣಿತದ ಮೇಡಂ ಅವಳೇ. ಊರು ಸಿರುಗುಪ್ಪ. ತಾಯಿ ಇಲ್ಲ, ತಂದೆ ಅಲ್ಲಿ ಅಕ್ಕಿ ಮಿಲ್ಲೊಂದರಲ್ಲಿ ಗುಮಾಸ್ತರು, ಇವಳು ಬಳ್ಳಾರಿಯಲ್ಲಿ ಬ್ರೂಸ್‌ಪೇಟೆಯ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ರೂಮು ಮಾಡಿದ್ದಾಳೆ ಎಂಬುದೆಲ್ಲ ಮಧ್ಯಾಹ್ನದೊಳಗೆ ನನ್ನ ಕೈಗೆ ಬಂತು.

ಆ ಕೈ ಯಾಕೆ ಗದ್ದ ಬಿಟ್ಟು ಇಳಿಯುವುದಿಲ್ಲ ಎನ್ನುವುದು ಊಟದ ಹೊತ್ತಿಗೆ ತಿಳಿಯಿತು. ಅವಳ ಕೆಳದವಡೆ ಮೇಲಿನದಕ್ಕಿಂತ ಮುಂದಕ್ಕೆ ಬೆಳೆದಿತ್ತು. ಹಿಂದಿನ ನಾಲ್ಕು ಹಲ್ಲು ಬಿಟ್ಟರೆ ಮಿಕ್ಕ ಯಾವ ಹಲ್ಲೂ ಒಂದಕ್ಕೊಂದು ತಾಗುತ್ತಿರಲಿಲ್ಲ. ಬಾಯಿ ಪೂರ್ತಿ ಮುಚ್ಚಿದಾಗಲೂ ಮುಂದಿನ ಹಲ್ಲುಗಳ ನಡುವೆ ಕಿರುಬೆರಳು ಹಾಯುವಷ್ಟು ಸಂದಿ. ಡಬ್ಬಿ ತೆಗೆದಳು, ಪರ್ಸಿನಿಂದ ಒಂದು ಸಣ್ಣ ಕತ್ತರಿ ತೆಗೆದಳು, ಜೋಳದ ರೊಟ್ಟಿಯನ್ನು ಬಟ್ಟೆಯ ತುಂಡು ಕತ್ತರಿಸುವ ಹಾಗೆ ಚೌಕ ಚೌಕ ಕತ್ತರಿಸಿದಳು. ಒಂದೊಂದೇ ಚೌಕವನ್ನು ಪಲ್ಯದಲ್ಲಿ ಅದ್ದಿ, ಬೆರಳಿನಿಂದ ದವಡೆಯ ಹಿಂಬದಿಗೆ ತಳ್ಳಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ ಅಗಿದಳು. ನಾವೆಲ್ಲ ಊಟ ಮುಗಿಸಿ ಕೈ ತೊಳೆದು ಬಂದು, ಸ್ಟಾಫ್ ರೂಮಿನಲ್ಲಿ ಒಂದು ಜಗಳವನ್ನೂ ಮುಗಿಸಿದ ಮೇಲೆ ಅವಳ ಡಬ್ಬಿ ಖಾಲಿಯಾಗುತ್ತಿತ್ತು.

ಮಕ್ಕಳು ಸುಮ್ಮನಿರುತ್ತಾರೆಯೇ! ಅವಳಿಗೆ ‘ಚಂದ್ರ ಮೇಡಂ’ ಎಂದು ಹೆಸರಿಟ್ಟರು. ಪಕ್ಕದಿಂದ ನೋಡಿದರೆ ಮುಖ ಬಿದಿಗೆ ಚಂದ್ರನ ಹಾಗೆ ಕಾಣುತ್ತದೆಯಂತೆ. ಒಂದು ದಿನ ಯಾವನೋ ಬೆಂಚಿನ ಮೇಲೆ ಚಂದ್ರನನ್ನು ಕೊರೆದು ಅದಕ್ಕೆ ಕಣ್ಣು, ಜಡೆ ಎಲ್ಲ ಬರೆದಿದ್ದ. ನಾನಾಗಿದ್ದರೆ ಇಡೀ ತರಗತಿಯನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದೆ. ಇವಳು ಬಗ್ಗಿ ನೋಡಿ, “ಕಂಸ ಸರಿ ಬಂದಿಲ್ಲಪಾ. ಕೈಯಿಂದ ಬರದೀ, ಅದಕ್ಕ ಸೊಟ್ಟ ಆಗೇತಿ. ಕೈವಾರ ತಗೊಂಡು ಬರೀಬೇಕು” ಎಂದು ಆ ಚಂದ್ರನ ಪಕ್ಕದಲ್ಲೇ ಕೈವಾರವಿಟ್ಟು ಇನ್ನೊಂದು ಬರೆದು ತೋರಿಸಿದಳಂತೆ. ಆ ಹೆಸರು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಸಮಾಂತರ ರೇಖೆಯ ಪಾಠ ಬಂದಾಗ ತಾನೇ, “ನೋಡ್ರಿಲ್ಲಿ, ನನ್ನ ಮ್ಯಾಲಿನ ಹಲ್ಲು, ಕೆಳಗಿನ ಹಲ್ಲು. ಎಲ್ಲಿಮಟ ಎಳೀರಿ, ಕೂಡಂಗಿಲ್ಲ” ಎನ್ನುತ್ತಿದ್ದಳು. ಹುಡುಗರು ನಗುತ್ತಿದ್ದರು, ಇವಳೂ ನಗುತ್ತಿದ್ದಳು. ಆದರೆ ಆ ಪಾಠ ಮಾಡಿದ ದಿನ ವಾಪಸು ಬಸ್ಸಿನಲ್ಲಿ ಮಾತಾಡುತ್ತಿರಲಿಲ್ಲ ಎನ್ನುವುದನ್ನು ನಾನು ಎರಡು ವರ್ಷವಾದ ಮೇಲೆ ಗಮನಿಸಿದೆ. ಅಷ್ಟು ಚುರುಕು ನಾನು.

ಪ್ರಮೇಯ ಬಿಡಿಸುವಾಗ ಕೊಟ್ಟದ್ದನ್ನು ದತ್ತ, ಸಾಧಿಸಬೇಕಾದ್ದನ್ನು ಸಾಧನೀಯ ಎಂದು ಬರೆಸುತ್ತಿದ್ದಳು, ಅದೇ ಅವಳ ಮಾತಿನ ರೂಢಿಯೂ ಆಗಿತ್ತು. ಯಾರು ಯಾವ ಗೋಳು ಹೇಳಿಕೊಂಡು ಬಂದರೂ, “ಮೊದಲ ದತ್ತ ಏನೈತಿ ಹೇಳು. ಆಮ್ಯಾಲ ಸಾಧನೀಯ ಏನು ನೋಡೂಣು” ಎನ್ನುವುದು. ಜವಾನನ ಮಗಳು ಗಂಡನ ಮನೆಯಿಂದ ಓಡಿ ಬಂದಾಗಲೂ ಇದೇ ಮಾತು, ಹೆಡ್‌ಮಾಸ್ತರ ಸ್ಕೂಟರು ಕಳೆದಾಗಲೂ ಇದೇ ಮಾತು. ನಾನು ಅಣಕಿಸುತ್ತಿದ್ದೆ. “ಲೇ ಹುಡುಗಿ, ನಿನ್ನ ಗಂಡಗೂ ಮೊದಲನೇ ದಿನ ದತ್ತ ಕೇಳ್ತೀಯೇನಲೇ?” ಎಂದರೆ, “ದತ್ತ ಇಲ್ಲದ ಲೆಕ್ಕ ಮಾಡಾಕ ಬರತೈತೇನಕ್ಕಾ?” ಎಂದು ಕೇಳುತ್ತಿದ್ದಳು.

ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಪೇರಲ ಹಣ್ಣು ಮಾರುವ ಮುದುಕಿಯೊಬ್ಬಳು ಕೂರುತ್ತಾಳೆ. ಒಂದು ಸಂಜೆ ಎರಡು ಹಣ್ಣು ಕೊಂಡು ಒಂದನ್ನು ಇವಳ ಕೈಗೆ ಕೊಟ್ಟೆ. ನನ್ನದನ್ನು ಕಚ್ಚಿ ತಿನ್ನುತ್ತ ಮಾತಾಡುತ್ತಲೇ ಇದ್ದೆ. ಇವಳು ತನ್ನ ಹಣ್ಣನ್ನು ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಏನಲೇ ಹಂಗ ನೋಡ್ತೀ, ದೃಷ್ಟಿ ತಾಗೀತು.”

“ಅಕ್ಕಾ, ನಂಗ ಭಾಳ ದೊಡ್ಡ ಆಸೆ ಏನೂ ಇಲ್ಲ. ಒಂದು ಪ್ಯಾರಲ ಹಣ್ಣು ಹಿಂಗ ಹಿಡದು ಕಚ್ಚಬೇಕು. ಕಚ್ಚಿದಲ್ಲಿ ಹಲ್ಲಿನ ಗುರ್ತು ಕಾಣಬೇಕು. ಅಷ್ಟ.”

ನಾನು ಕಚ್ಚಿದ ಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಆಮೇಲೆ ಒಂದೊಂದೇ ಹೇಳಿದಳು. ನಾಲ್ಕೇ ಹಲ್ಲಿನಿಂದ ಅಗಿದು ಅಗಿದು ಕಿವಿಯ ಮುಂದಿನ ಕೀಲು ಸವೆಯುತ್ತಿದೆಯಂತೆ. ಆಕಳಿಸಿದರೆ ಕಟ್ ಎನ್ನುತ್ತದೆಯಂತೆ. ಕೆಲವು ಬೆಳಗ್ಗೆ ಬಾಯಿ ತೆರೆಯಲು ಬಿಸಿನೀರಿನ ಬಟ್ಟೆ ಒತ್ತಿಕೊಳ್ಳಬೇಕಂತೆ. ಬಳ್ಳಾರಿಯ ಹಲ್ಲಿನ ಡಾಕ್ಟರೊಬ್ಬರಿಗೆ ತೋರಿಸಿದ್ದಾಳೆ. ಅವರು, ಇದು ಹಲ್ಲಿನ ದೋಷವಲ್ಲ, ಎಲುಬಿನದು, ಒಂದೂವರೆ ವರ್ಷ ಕ್ಲಿಪ್ಪು ಹಾಕಿ ಹಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ದವಡೆಯ ಆಪರೇಷನ್ ಮಾಡಿದರೆ ಕಚ್ಚಿ ತಿನ್ನಬಹುದು ಎಂದಿದ್ದಾರೆ.

“ಅಪ್ಪಗ ಹೇಳೀಯೇನು?”

“ಕ್ಲಿಪ್ ಹಾಕಸ್ಕೋತೀನಿ ಅಂದೀನಿ. ಆಪರೇಷನ್ ಮಾತು ತಗದಿಲ್ಲ. ಅವ್ವ ಆಪರೇಷನ್ನಾಗ ಹೋದಾಕಿ. ನಡಕೋಂತ ಒಳಗ ಹೋದ್ಲಂತ, ಹೊರಗ ಹೊತ್ಕೊಂಡು ಬಂದ್ರಂತ. ಆಸ್ಪತ್ರಿ ಅಂದ್ರ ಅಪ್ಪ ಇವತ್ತಿಗೂ ಹೊರಗ ಗಿಡದ ಬುಡಕ ನಿಂದರ್ತಾನ, ಒಳಗ ಬರಂಗಿಲ್ಲ.”

ಅರ್ಧ ಹೇಳಿ ಅರ್ಧ ಮುಚ್ಚಿಟ್ಟಳು. ಅವಳು ಮಾಡಿದ ತಪ್ಪು ಅದೊಂದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮಿಕ್ಕದ್ದೆಲ್ಲ ನಾವು ಮಾಡಿದ್ದು.

ಕ್ಲಿಪ್ಪು ಬಿತ್ತು. ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಇಷ್ಟು ವರ್ಷ ಅವಳ ಕೆಳಗಿನ ಹಲ್ಲುಗಳು ದವಡೆಯ ದೋಷ ಮುಚ್ಚಲು ತಾವೇ ಒಳಕ್ಕೆ ಬಾಗಿಕೊಂಡಿವೆ, ಅವನ್ನು ನೆಟ್ಟಗೆ ಮಾಡಿದರೆ ಸಂದಿ ಇನ್ನೂ ದೊಡ್ಡದಾಗುತ್ತದೆ, ಆಪರೇಷನ್ ಆಗುವವರೆಗೆ ಮುಖ ಮೊದಲಿಗಿಂತ ಕೆಟ್ಟು ಕಾಣುತ್ತದೆ, ಹೆದರಬಾರದು ಎಂದು. ಹಾಗೇ ಆಯಿತು. ಆರು ತಿಂಗಳಿಗೆ ಕಿರುಬೆರಳಿನ ಸಂದಿ ಹೆಬ್ಬೆರಳಿನಷ್ಟಾಯಿತು. ವರ್ಷ ತುಂಬುವ ಹೊತ್ತಿಗೆ ಕೆಳತುಟಿ ಮುಂದೆ ಬಂದು ಬಾಯಿ ಮುಚ್ಚುವುದೇ ಕಷ್ಟವಾಯಿತು. ಎಡಗೈ ಸಾಲದೆ ಸೆರಗನ್ನೂ ಮುಖಕ್ಕೆ ಹಿಡಿಯತೊಡಗಿದಳು. ಸ್ಟಾಫ್ ರೂಮಿನಲ್ಲಿ ಹಿಂದಿನಿಂದ, “ಇದ್ದದ್ದನ್ನೂ ಕೆಡಿಸ್ಕೊಂಡಳು” ಎಂದು ಒಬ್ಬರು. “ಕ್ಲಿಪ್ಪಿನ ಡಾಕ್ಟರ್ ಕಲಿಯಾಕ ಈಕಿನ ಸಿಕ್ಕಳೇನೋ” ಎಂದು ಇನ್ನೊಬ್ಬರು. ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು, ಅವರ ಬಾಯಿ ಮುಚ್ಚಿಸಬಹುದಿತ್ತು. ಎದ್ದು ಹೋಗಿ ಹಾಜರಿ ಪುಸ್ತಕ ಹಿಡಿದುಕೊಂಡು ಕೂತೆ.

ಅದೇ ಹೊತ್ತಿಗೆ ಸಿರಿಗೇರಿಯಿಂದ ಒಂದು ಸಂಬಂಧ ಬಂತು. ಹುಡುಗ ಕೃಷಿ ಇಲಾಖೆಯಲ್ಲಿ ನೌಕರ, ಮಾತು ಕಡಿಮೆ, ಕುಡಿತ ಇಲ್ಲ, ಜಾತಿಯಲ್ಲೇ ಕೂಡಿಬಂದದ್ದು. ಇವಳಿಗಾಗಲೇ ಮೂವತ್ತು. ಅದುವರೆಗೆ ನೋಡಿ ಹೋದವರು ಒಂಬತ್ತು ಜನ, ಒಬ್ಬರೂ ತಿರುಗಿ ಫೋನು ಮಾಡಿರಲಿಲ್ಲ. ಈ ಹುಡುಗ ಮಾತ್ರ ಹತ್ತು ನಿಮಿಷ ಇವಳ ಜೊತೆ ಮಾತಾಡಿ, ಹೊರಗೆ ಬಂದು ತನ್ನವರಿಗೆ, “ನಂಗ ಒಪ್ಪಿಗಿ ಐತಿ” ಎಂದನಂತೆ. ಆದರೆ ಅವನ ಸೋದರತ್ತೆ ಇದ್ದಳು. ಅವಳು ಇವಳ ತಂದೆಯನ್ನು ಪಕ್ಕಕ್ಕೆ ಕರೆದು, “ಹುಡುಗಿ ಚಲೋ ಅದಾಳ, ನೌಕರಿ ಐತಿ, ಎಲ್ಲಾ ಐತಿ. ಗದ್ದ ಒಂದೀಟು ಸರಿ ಮಾಡಿಸಿಬಿಡ್ರಿ. ಈಗ ಎಲ್ಲಾ ಬಂದೈತಂತಲ್ಲ. ನಾಕು ಮಂದಿ ನೋಡ್ತಾರ” ಎಂದಳು. ಮುಹೂರ್ತ ನಾಲ್ಕು ತಿಂಗಳಿಗೆ ಇಡೋಣ ಎಂದೂ ಹೇಳಿದಳು.

ಆಗ ಇವಳು ಆಪರೇಷನ್ನಿನ ವಿಷಯ ತಂದೆಗೆ ಹೇಳಲೇಬೇಕಾಯಿತು. ಮೂರು ದಿನ ಆ ಮನುಷ್ಯ ಮಿಲ್ಲಿಗೆ ಹೋಗದೆ ಮನೆಯಲ್ಲೇ ಕೂತರಂತೆ. ನಾಲ್ಕನೆಯ ದಿನ ಬಳ್ಳಾರಿಗೆ ಬಂದು, ಡಾಕ್ಟರು ಏನು ಹೇಳುತ್ತಾರೋ ಕೇಳಿಯೇಬಿಡೋಣ ಎಂದರು. ನನ್ನನ್ನೂ ಕರೆದುಕೊಂಡು ಹೋದರು. ಅವಳು ಹೇಳಿದ್ದ ಹಾಗೆಯೇ ಅವರು ಹೊರಗೆ ಬೇವಿನ ಮರದ ಕೆಳಗೆ ನಿಂತರು. ಒಳಗೆ ಹೋದವರು ನಾವಿಬ್ಬರೇ.

ಕ್ಲಿಪ್ಪಿನ ಡಾಕ್ಟರೂ ಅವರ ಜೊತೆಯ ಸರ್ಜನ್ನರೂ ಕೂತು ಅರ್ಧ ಗಂಟೆ ತಿಳಿಸಿ ಹೇಳಿದರು. ಮೇಜಿನ ಮೇಲೆ ಇವಳ ಹಲ್ಲಿನ ಅಚ್ಚು ತೆಗೆದು ಮಾಡಿದ ಬಿಳಿ ಪ್ಲಾಸ್ಟರಿನ ದವಡೆಗಳಿದ್ದವು. ಒಂದು ಜೊತೆ ಈಗಿರುವ ಹಾಗೆ, ಇನ್ನೊಂದು ಜೊತೆಯನ್ನು ಕತ್ತರಿಸಿ, ಸರಿಸಿ, ಆಪರೇಷನ್ ಆದ ಮೇಲೆ ಹೇಗೆ ಕೂಡುತ್ತದೆಯೋ ಹಾಗೆ. ಮೊದಲನೆಯ ದಾರಿ, ಮೇಲಿನ ದವಡೆಯನ್ನು ಮುಂದಕ್ಕೂ ಕೆಳಗಿನದನ್ನು ಹಿಂದಕ್ಕೂ ತರುವುದು. ನಾಲ್ಕೈದು ಗಂಟೆಯ ಕೆಲಸ, ಒಂದೂವರೆ ತಿಂಗಳು ಗಂಜಿ ಅಂಬಲಿ, ಕೆಳತುಟಿ ತಿಂಗಳುಗಟ್ಟಲೆ ಜೋಮು ಹಿಡಿದಿರಬಹುದು, ಕೆಲವರಿಗೆ ಕೊನೆಯವರೆಗೂ ಸ್ವಲ್ಪ ಉಳಿಯಬಹುದು. ಆದರೆ ಹಲ್ಲು ಕೂಡುತ್ತವೆ. ಎರಡನೆಯದು, ಕೆಳದವಡೆ ಒಂದನ್ನೇ ಹಿಂದೆ ಸರಿಸುವುದು. ಕೆಲಸ ಸಣ್ಣದು, ಆದರೆ ಇವಳಿಗೆ ಬೇಕಾದಷ್ಟು ಹಿಂದೆ ತಳ್ಳಿದರೆ ನಾಲಿಗೆಗೆ ಜಾಗ ಸಾಲದೆ ಉಸಿರಿಗೆ ಇಕ್ಕಟ್ಟಾಗಬಹುದು, ದವಡೆ ತಿರುಗಿ ಮುಂದೆ ಜಾರಲೂಬಹುದು. ಮೂರನೆಯದು ಬರೀ ಗದ್ದದ ಎಲುಬನ್ನು ಕತ್ತರಿಸಿ ಹಿಂದಕ್ಕೆ ಕೂಡಿಸುವುದು. ಒಂದು ಗಂಟೆಯ ಕೆಲಸ. ಮುಖ ತಿದ್ದಿದ ಹಾಗೆ ಕಾಣುತ್ತದೆ, ಹಲ್ಲು ಮಾತ್ರ ಇದ್ದಲ್ಲೇ ಇರುತ್ತವೆ.

“ನೋಡೋರಿಗೆ ಮೂರನೇದು ಸಾಕು, ತಿನ್ನೋರಿಗೆ ಮೊದಲನೇದು ಬೇಕು. ಮೊದಲನೇದಕ್ಕೆ ಇನ್ನೂ ಆರು ತಿಂಗಳು ಕ್ಲಿಪ್ಪು ಇರಬೇಕು. ಈಗ ಮಧ್ಯದಲ್ಲಿ ಕ್ಲಿಪ್ಪು ತೆಗೆಸಿ ಗದ್ದ ಮಾತ್ರ ಮಾಡಿಸಿದರೆ, ಮುಂದೆ ಎಂದಾದರೂ ದೊಡ್ಡದು ಬೇಕೆಂದಾಗ ಎಲ್ಲಾ ಮೊದಲಿನಿಂದ ಶುರು ಮಾಡಬೇಕು” ಎಂದರು ಕ್ಲಿಪ್ಪಿನ ಡಾಕ್ಟರು. ಈ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಅವಳು ಆ ಎರಡನೆಯ ಜೊತೆ ಪ್ಲಾಸ್ಟರ್ ದವಡೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂಡಿಸಿದಳು. ಟಕ್ ಎಂದು ಕೂತವು. ತೆಗೆದಳು, ಮತ್ತೆ ಕೂಡಿಸಿದಳು. ಡಾಕ್ಟರು ಮಾತಾಡುತ್ತಲೇ ಇದ್ದರು, ಇವಳು ಟಕ್ ಟಕ್ ಎನಿಸುತ್ತಲೇ ಇದ್ದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

ಹೊರಗೆ ಬಂದು ತಂದೆಗೆ ಎಲ್ಲ ಹೇಳಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ. “ಎಚ್ಚರ ತಪ್ಪಸ್ತಾರೇನು?” ಹೌದು ಎಂದಳು. “ಎಷ್ಟೊತ್ತು?” ನಾಲ್ಕೈದು ಗಂಟೆ ಎಂದಳು. ಅವರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ಮುಂದಿನ ಎರಡು ತಿಂಗಳು ಅವಳಿಗೆ ಮೂರೂ ಕಡೆ ದಾರಿ ಕಟ್ಟಿತ್ತು. ಹಿಂದೆ ಹೋಗುವ ಹಾಗಿಲ್ಲ, ಕ್ಲಿಪ್ಪು ಹಲ್ಲುಗಳನ್ನು ಆಗಲೇ ಹೊರಗೆ ತಂದು ನಿಲ್ಲಿಸಿದೆ. ಮುಂದೆ ಹೋಗುವ ಹಾಗಿಲ್ಲ, ತಂದೆ ಅನ್ನ ಬಿಟ್ಟಿದ್ದಾರೆ. ಹಾಗೇ ನಿಲ್ಲುವ ಹಾಗೂ ಇಲ್ಲ, ಮುಹೂರ್ತ ಹತ್ತಿರ ಬರುತ್ತಿದೆ. ರಫ್ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ದಾರಿಗೆ ಮೂರು ಕಂಬಸಾಲು ಮಾಡಿ ದತ್ತ, ಸಾಧನೀಯ ಎಂದು ಬರೆಯುತ್ತಿದ್ದಳು, ಹಾಳೆ ಹರಿದು ಮತ್ತೆ ಬರೆಯುತ್ತಿದ್ದಳು. ಒಂದು ಸಲ ಇಣುಕಿ ನೋಡಿದೆ. ‘ದತ್ತ: ಅಪ್ಪ’ ಎಂದಿತ್ತು. ಮುಂದೆ ಏನೂ ಇರಲಿಲ್ಲ. ಹುಡುಗನಿಗೆ ಹಲ್ಲಿನ ಸಂಗತಿ ಪೂರ್ತಿ ಹೇಳಿಬಿಡುತ್ತೇನೆ, ಅವನು ಆರು ತಿಂಗಳು ತಡೆಯಬಹುದು ಎಂದಳು ಒಮ್ಮೆ. ತಂದೆ, “ಹತ್ತನೇದವನೂ ಹೋಗ್ಲೇನು?” ಎಂದರಂತೆ. ಮತ್ತೆ ಆ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಸೋದರತ್ತೆ ಯಾರದೋ ಕಡೆಯಿಂದ ಮುಖದ ಅಂದ ತಿದ್ದುವ ಇನ್ನೊಬ್ಬ ಡಾಕ್ಟರನ್ನು ಹುಡುಕಿದಳು. ಅವರು, ಗದ್ದದ ಆಪರೇಷನ್ ಒಂದಾದರೆ ಸಾಕು, ಮೂರನೇ ದಿನ ಮನೆಗೆ ಹೋಗಬಹುದು, ಮದುವೆಯ ಹೊತ್ತಿಗೆ ಬಾವು ಇಳಿದಿರುತ್ತದೆ ಎಂದರು. ಅವರು ಸುಳ್ಳು ಹೇಳಲಿಲ್ಲ. ಹಲ್ಲಿನ ಬಗ್ಗೆ ಅವರನ್ನು ಯಾರೂ ಕೇಳಲೂ ಇಲ್ಲ.

ಒಂದು ಭಾನುವಾರ ಬೆಳಗ್ಗೆ ತಂದೆ, ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ಕೆಳಗೆ ಅಂಗಡಿಯವರು ಶಟರು ಎತ್ತುವ ಸದ್ದು. ಚಹಾ ಕೊಟ್ಟೆ. ಹಣೆಗೆ ವಿಭೂತಿ ಹಚ್ಚಿದ, ತೆಳ್ಳಗಿನ, ದೊಡ್ಡ ದನಿ ಎತ್ತಿ ಗೊತ್ತಿಲ್ಲದ ಮನುಷ್ಯ. ಲೋಟ ಕೆಳಗಿಟ್ಟು, ಎದ್ದು ಬಂದು ಮಗಳ ಎದುರಿಗೆ ನೆಲದ ಮೇಲೆ ಕೂತರು. ಅವಳ ಎಡಗೈಯನ್ನು ಮೆಲ್ಲಗೆ ಸರಿಸಿ ಗದ್ದ ಹಿಡಿದರು.

ನಮ್ಮ ಕಡೆ ಗದ್ದ ಹಿಡಿದು ಕೇಳಿದರೆ ಮುಗಿಯಿತು. ಕಾಲು ಹಿಡಿದವರನ್ನು ಎಬ್ಬಿಸಬಹುದು, ಕೈ ಹಿಡಿದರೆ ಬಿಡಿಸಿಕೊಳ್ಳಬಹುದು. ಗದ್ದ ಹಿಡಿದವರ ಕಣ್ಣು ನಮ್ಮ ಕಣ್ಣಿನ ಮುಂದೆಯೇ ಇರುತ್ತದೆ, ಎಲ್ಲಿ ತಿರುಗಿಸಿಕೊಳ್ಳುವುದು? ಅವಳು ತಿಳಿವಳಿಕೆ ಬಂದಂದಿನಿಂದ ಆ ಗದ್ದವನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ನಾನು ಕಂಡ ಹಾಗೆ ಅಪ್ಪ ಮುಟ್ಟಿದ್ದೂ ಅದೇ ಮೊದಲು.

“ನನ್ನವ್ವಾ, ಸಣ್ಣದು ಮಾಡಿಸಿಕೋ. ಅದೂ ಆಸ್ಪತ್ರೀನ, ನಂಗೊತ್ತೈತಿ. ಒಂದು ತಾಸು ಹೆಂಗರ ಉಸಿರು ಬಿಗಿಹಿಡೀತೀನಿ. ಐದು ತಾಸು ನನ ಕೈಲೆ ಆಗಂಗಿಲ್ಲ. ನಿಮ್ಮವ್ವನ್ನ ಕಳಿಸಿ ಹೊರಗ ನಿಂತಿದ್ನಲ್ಲ, ಹಂಗ ಇನ್ನೊಮ್ಮಿ ನಿಲ್ಲಿಸಬ್ಯಾಡವ್ವ ನನ್ನ.”

ಹೇಳುತ್ತ ಅಳತೊಡಗಿದರು. ಅವಳು ಅಳಲಿಲ್ಲ. ಗದ್ದ ಅಪ್ಪನ ಕೈಯಲ್ಲಿದ್ದುದರಿಂದ ತಲೆ ಅಲ್ಲಾಡಿಸುವುದಕ್ಕೂ ಆಗಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ಹೊರಳಿಸಿದಳು.

“ಅಕ್ಕಾ, ನೀವು ಹೇಳ್ರಿ.”

ತಂದೆಯೂ ನನ್ನ ಕಡೆ ನೋಡಿದರು. “ಹೌದ್ರಿ ಮೇಡಂರ, ನೀವ ಹೇಳ್ರಿ. ನಿಮ್ಮ ಮಾತು ಕೇಳ್ತಾಳ.”

ಡಾಕ್ಟರ ಮಾತು ನನಗೆ ಗೊತ್ತಿತ್ತು. ಟಕ್ ಎಂದು ಕೂಡಿದ ಆ ದವಡೆಗಳನ್ನು ನೋಡಿದ್ದೆ. ಪೇರಲ ಹಣ್ಣಿನ ಆಸೆಯನ್ನು ಅವಳು ಹೇಳಿದ್ದು ನನಗೊಬ್ಬಳಿಗೇ. “ಹುಡುಗಗ ಹೇಳ್ರಿ, ಆರು ತಿಂಗಳು ಮುಂದಕ್ಕ ಹಾಕ್ರಿ, ಆಸ್ಪತ್ರ್ಯಾಗ ನಿಮ್ಮ ಬದಲಿ ನಾ ನಿಂದರ್ತೀನಿ” ಎಂದಿದ್ದರೆ ಅವಳು ಎದ್ದು ನಿಲ್ಲುತ್ತಿದ್ದಳು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನ ಮನೆಯ ನೆಲದ ಮೇಲೆ ಒಬ್ಬ ವಯಸ್ಸಾದ ಗಂಡಸು ಬಿಕ್ಕುತ್ತ ಕೂತಿದ್ದರು. ಅದು ನಿಂತರೆ ಸಾಕು ಎನ್ನಿಸಿತು. ಜೊತೆಗೆ ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಈ ಮೇಡಂ ಹೇಳಿದ್ದಕ್ಕೇ ಆಯಿತು ಎನ್ನುವ ಮಾತು ನನ್ನ ತಲೆಗೆ ಬರುವುದು ಬೇಡ ಎಂದೂ ಅನ್ನಿಸಿತು. ಸುಳ್ಳೇಕೆ ಹೇಳಲಿ?

“ಸದ್ಯ ಸಣ್ಣದು ಮಾಡಿಸ್ಕೊಂಡು ಮದಿವಿ ಆಗವ್ವ. ದೊಡ್ಡದು ಆಮ್ಯಾಲ ನೋಡಿದ್ರಾತು” ಎಂದೆ.

ಅವಳು ನನ್ನನ್ನೇ ಒಂದು ಕ್ಷಣ ನೋಡಿದಳು. ಆಮೇಲೆ, “ಆತು ಬಿಡ್ರಿ” ಎಂದಳು. ಯಾರಿಗೆ ಹೇಳಿದಳೋ. ತಂದೆ ಗದ್ದ ಬಿಟ್ಟು ಕಣ್ಣು ಒರೆಸಿಕೊಂಡು, ಆರಿದ ಚಹಾ ಕುಡಿದರು.

ಕ್ಲಿಪ್ಪಿನ ಡಾಕ್ಟರಿಗೆ ಬಹಳ ಬೇಸರವಾಯಿತು. ಅರ್ಧಕ್ಕೆ ನಿಲ್ಲಿಸುವುದು ನಮ್ಮ ಇಚ್ಛೆಯಿಂದ ಎಂದು ಕಾಗದದ ಮೇಲೆ ಬರೆಸಿಕೊಂಡು ತಂತಿ ಬಿಚ್ಚಿದರು. ಹದಿನೈದು ದಿನಕ್ಕೆ ಗದ್ದದ ಆಪರೇಷನ್ ಆಯಿತು. ತಂದೆ ಮರದ ಕೆಳಗೆ ನಿಂತಿದ್ದರು, ನಾನು ಒಳಗೆ ಕೂತಿದ್ದೆ. ಬಾವು ಇಳಿದ ಮೇಲೆ ಶಾಲೆಗೆ ಬಂದಳು ನೋಡಿ, ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ತುಟಿ ಮುಚ್ಚಿ ನಿಂತರೆ ನಿಜವಾಗಿಯೂ ಚೆಂದ. “ಅಯ್ಯ, ಎಷ್ಟ್ ಚಂದ ಕಾಣ್ತೀರಿ ಮೇಡಂ, ಮೊದಲ ಯಾಕ ಮಾಡಿಸಿರಲಿಲ್ಲ?” ಎಂದು ಹಿಂದಿನಿಂದ ಆಡಿಕೊಂಡವರೇ ಮುಂದೆ ಬಂದು ಕೇಳಿದರು. ಅವಳು ಥ್ಯಾಂಕ್ಸ್ ಹೇಳಿದಳು. ಊಟಕ್ಕೆ ಕೂತಾಗ ಗೋಡೆಯ ಕಡೆ ತಿರುಗಿ ಕತ್ತರಿ ತೆಗೆದಳು. ಕ್ಲಿಪ್ಪು ಅಗಲಿಸಿದ ಸಂದಿ ಹಾಗೇ ಇತ್ತು, ಈಗ ಚೌಕಗಳು ಮೊದಲಿಗಿಂತ ಸಣ್ಣವಾಗಿದ್ದವು. ಬಸ್ಸಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅಕ್ಕಾ ಎನ್ನುವುದನ್ನೂ ಬಿಡಲಿಲ್ಲ. ಅವಳು ಒಂದು ಸಲ ರೇಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮದುವೆ ಸಿರುಗುಪ್ಪದಲ್ಲಿ. ಶಾಲೆಯವರೆಲ್ಲ ಹೋಗಿದ್ದೆವು. ಅಕ್ಷತೆ ಬಿತ್ತು, ಫೋಟೋ ಆಯಿತು. ಮಧ್ಯಾಹ್ನ ಭೂಮದ ಊಟಕ್ಕೆ ಕೂಡಿಸಿದರು. ಗಂಡು ಹೆಣ್ಣು ಒಂದೇ ಹರಿವಾಣದಲ್ಲಿ ಒಬ್ಬರಿಗೊಬ್ಬರು ಉಣ್ಣಿಸುವುದು, ಸುತ್ತ ಹೆಂಗಸರು ಕೂತು ಹಾಡು ಹೇಳುವುದು, ಕಾಡುವುದು. ಅಲ್ಲಿಯ ತನಕ ಎಲ್ಲ ಸರಿ ಇತ್ತು. ಅನ್ನ, ಪಾಯಸ, ಕಲಸಿದ ತುತ್ತು. ನಾನು ದೂರದಲ್ಲಿ ನಿಂತು ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ಸೋದರತ್ತೆ ಐದು ವೀಳ್ಯದೆಲೆ ಸುತ್ತಿ, ಬೆರಳುದ್ದದ ದಪ್ಪ ಸುರುಳಿ ಮಾಡಿ ತಂದಳು.

ಹುಡುಗ ಸುರುಳಿಯ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿಯಬೇಕು. ಹುಡುಗಿ ಕೈ ಹಿಂದೆ ಕಟ್ಟಿಕೊಂಡು ಇನ್ನೊಂದು ತುದಿಯಿಂದ ಅರ್ಧ ಕಚ್ಚಿ ಮುರಿದುಕೊಳ್ಳಬೇಕು. ಎಲ್ಲ ಮದುವೆಯಲ್ಲೂ ಇರುತ್ತದೆ. ನನ್ನ ಮದುವೆಯಲ್ಲಿ ನಾನೇ ಕಚ್ಚಿದ್ದೇನೆ. ಗದ್ದ, ಹಲ್ಲು, ಆಪರೇಷನ್ ಎಂದು ಅಷ್ಟು ತಿಂಗಳು ಮಾತಾಡಿದ ನಮ್ಮಲ್ಲಿ ಒಬ್ಬರಿಗಾದರೂ ಇದು ನೆನಪಾಗಲಿಲ್ಲವಲ್ಲ! ತಂದೆಯನ್ನು ಹುಡುಕಿದೆ. ಅವರು ಕಂಬದ ಹತ್ತಿರ ನಿಂತು ನಗುತ್ತ ನೋಡುತ್ತಿದ್ದರು, ಅವರಿಗೆ ಇನ್ನೂ ಹೊಳೆದಿರಲಿಲ್ಲ.

ಅವಳು ಬಗ್ಗಿ ಮುಂದಿನ ಹಲ್ಲಿನಿಂದ ಕಚ್ಚಿದಳು. ಹಲ್ಲು ಕೂಡಲಿಲ್ಲ, ಎಲೆ ಜಾರಿತು. ಹೆಂಗಸರು ನಕ್ಕರು. “ಕಚ್ಚವ್ವಾ, ಕಚ್ಚ! ನಾಚಿಕಿ ಯಾಕ?” ಎಂದಳು ಸೋದರತ್ತೆ. ಎರಡನೆಯ ಸಲ ಹಿಂದಿನ ಹಲ್ಲಿಗೆ ಸಿಗಲಿ ಎಂದು ಕತ್ತು ಓರೆ ಮಾಡಿ ಹತ್ತಿರ ಹೋದಳು. ಅವಳ ಕೆನ್ನೆ ಅವನ ಕೆನ್ನೆಗೆ ತಾಗಿತು. “ಅಬ್ಬಬ್ಬಾ, ಏನ್ ಅವಸರ!” ಎಂದು ಮಂಟಪವೆಲ್ಲ ಕೂಗಿತು. ಹುಡುಗನೂ ಕೆಂಪಗಾಗಿ ನಕ್ಕ. ಅವಳ ಹಿಂದೆ ಕಟ್ಟಿದ ಕೈಗಳು ನನಗೆ ಕಾಣುತ್ತಿದ್ದವು. ಎಡಗೈ ಮೇಲಕ್ಕೆ ಬರಲು ಒದ್ದಾಡುತ್ತಿತ್ತು, ಬಲಗೈ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಕಂಬದ ಹತ್ತಿರ ನಿಂತಿದ್ದ ತಂದೆಯ ನಗು ಆಗ ನಿಂತಿತು.

ಮೂರನೆಯ ಸಲ ಅವಳು ಕಣ್ಣು ಮುಚ್ಚಿ, ಬಾಯಿ ತೆರೆದು, ಇಡೀ ಸುರುಳಿಯನ್ನು ತುಟಿಯಿಂದ ಎಳೆದುಕೊಂಡು ಬಾಯೊಳಗೆ ತುಂಬಿಕೊಂಡುಬಿಟ್ಟಳು. ಹುಡುಗನ ಹಲ್ಲಿನಲ್ಲಿ ಒಂದು ಚೂರೂ ಉಳಿಯಲಿಲ್ಲ.

“ಗೆದ್ಲು! ಹೆಣ್ಣು ಗೆದ್ಲು! ಗಂಡಗ ಏನೂ ಉಳಿಸಲಿಲ್ಲ ನೋಡ್ರೆ!” ಎಂದು ಎರಡೂ ಕಡೆಯ ಹೆಂಗಸರು ಎದ್ದು ಕುಣಿದರು. ಸೋದರತ್ತೆ ಅವಳ ದೃಷ್ಟಿ ತೆಗೆದು ನೆಟಿಗೆ ಮುರಿದಳು. ವಿಡಿಯೋದವನು, “ಮೇಡಂ, ಈ ಕಡೆ ನೋಡ್ರಿ, ನಗ್ರಿ” ಎಂದ. ಐದು ಎಲೆಯ ಸುರುಳಿ ಬಾಯಲ್ಲಿ ಹಾಗೇ ಇತ್ತು. ಅಗಿಯಲು ಬಾಯಿ ತೆರೆಯಬೇಕು, ತೆರೆದರೆ ಹಲ್ಲು ಕಾಣುತ್ತದೆ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ತುಟಿ ಬಿಗಿದುಕೊಂಡು, ಕಣ್ಣ ತುಂಬ ನೀರು ತುಂಬಿಕೊಂಡು, ಆ ಚೆಂದದ ಗದ್ದವನ್ನು ಕ್ಯಾಮೆರಾದ ಕಡೆ ಎತ್ತಿ ನಕ್ಕಳು. ನಗುತ್ತಲೇ ಗುಂಪಿನಲ್ಲಿ ಯಾರನ್ನೋ ಹುಡುಕಿದಳು. ನಾನು ಸಿಕ್ಕಿದೆ.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನೂ ತಟ್ಟಿದೆ.